ವಿದ್ಯಾರ್ಥಿಗಳಿಗಾಗಿ ಒಂದು ಓಟ: ದುಡ್ಡು ಎತ್ತುವುದು ಹೇಗೆ, ತಲುಪಿಸುವುದು ಹೇಗೆ

‘ಫೀಸ್ ಕಟ್ಟೋಕೆ ಕಷ್ಟಪಡುವ ನಮ್ಮ ಯೂನಿವರ್ಸಿಟಿ ಹುಡುಗರಿಗಾಗಿ ಒಂದು ಓಟ ಮಾಡೋಣ ಅಂತಿದ್ದೇವೆ, ಎಲ್ಲಿಂದ ಶುರು ಮಾಡಬೇಕು?’ ಹಳೆ ವಿದ್ಯಾರ್ಥಿ ಸಂಘದವರು, ಬೆಳಗಿನ ಓಟದ ಗುಂಪಿನವರು, ಎನ್‌ಎಸ್‌ಎಸ್ ಮೇಷ್ಟ್ರುಗಳು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಅದಾದ ಮೇಲೆ ಬರುವ ಎರಡನೇ ಪ್ರಶ್ನೆ ಸಾಮಾನ್ಯವಾಗಿ ಟೀ ಶರ್ಟ್ ಬಣ್ಣದ್ದು. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

ಐನೂರು ಜನರನ್ನು ಸೇರಿಸಿ 5 ಕಿ.ಮೀ. ಓಡಿಸುವುದು ಅಷ್ಟೇನೂ ಕಷ್ಟವಲ್ಲ. ಓಟ ಮುಗಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಉಳಿಸುವುದು ಕಷ್ಟ. ಆ ಕಾಸನ್ನು ಪರೀಕ್ಷಾ ಶುಲ್ಕದ ಕೊನೆಯ ದಿನಾಂಕದೊಳಗೆ ಬೇಕಾದವರ ಕೈಗೆ ಮುಟ್ಟಿಸುವುದು ಇನ್ನೂ ಕಷ್ಟ. ಅದಕ್ಕೇ ಈ ಲೇಖನದಲ್ಲಿ ಓಟಕ್ಕಿಂತ ದುಡ್ಡಿನ ಮಾತೇ ಜಾಸ್ತಿ ಇದೆ.

ಉದಾಹರಣೆ ಬೇಕಾದ ಕಡೆ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯನ್ನು ಇಟ್ಟುಕೊಂಡಿದ್ದೇನೆ. ಧಾರವಾಡವಿರಲಿ, ಕಲಬುರಗಿ ಇರಲಿ, ಮಂಗಳಗಂಗೋತ್ರಿ ಇರಲಿ, ಕೆಲಸದ ಕ್ರಮ ಇದೇ.

ಮೊದಲು ಏನೇನು ಬೇಕು

ಕನಿಷ್ಠ ನಾಲ್ಕು ತಿಂಗಳ ಸಮಯ. ಕೊನೆವರೆಗೆ ಜೊತೆಗಿರುವ ಎಂಟು–ಹತ್ತು ಜನ. ಅವರಲ್ಲಿ ಒಬ್ಬರಿಗೆ ಲೆಕ್ಕ ಬಿಟ್ಟು ಬೇರೆ ಯಾವ ಕೆಲಸವನ್ನೂ ಕೊಡಬಾರದು. ಓಟದ ದಿನಕ್ಕೆ ಅರವತ್ತರಿಂದ ಎಂಬತ್ತು ಸ್ವಯಂಸೇವಕರು. ನೋಂದಣಿಯಾದ ಒಂದು ಸಂಸ್ಥೆ, ಅದರ ಹೆಸರಿನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆ. ಫೋನ್ ಎತ್ತುವ ಒಬ್ಬ ಆಡಿಟರ್. ಮತ್ತೆ ವಿಶ್ವವಿದ್ಯಾನಿಲಯದ ಒಪ್ಪಿಗೆ, ಅದೂ ಬರಹದಲ್ಲಿ. ‘ಸಾಹೇಬ್ರು ಹೂಂ ಅಂದಿದ್ದಾರೆ’ ಅನ್ನುವುದು ಒಪ್ಪಿಗೆಯಲ್ಲ. ಸಾಹೇಬರಿಗೆ ವರ್ಗವಾದರೆ ಆ ಹೂಂ ಕೂಡ ಅವರ ಜೊತೆಗೇ ಹೋಗುತ್ತದೆ.

ಹಂತ 1: ಯಾರಿಗೆ, ಯಾವ ಖರ್ಚಿಗೆ?

‘ಬಡ ವಿದ್ಯಾರ್ಥಿಗಳಿಗೆ’ ಅಂದರೆ ಸಾಲದು. ದೇಣಿಗೆ ಕೊಡುವವರು ಕೇಳುವ ಮೊದಲ ಪ್ರಶ್ನೆಯೇ ಇದು: ‘ಸರ್ಕಾರದ ಸ್ಕಾಲರ್‌ಶಿಪ್ ಇದೆಯಲ್ಲ, ಮತ್ತೆ ಇದ್ಯಾಕೆ?’ ಇದಕ್ಕೆ ನಿಮ್ಮ ಹತ್ತಿರ ಸರಿಯಾದ ಉತ್ತರ ಇರಬೇಕು.

ಸ್ಕಾಲರ್‌ಶಿಪ್ ಇರುವುದು ನಿಜ. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಹಣ ನೇರವಾಗಿ ಖಾತೆಗೆ ಬರುತ್ತದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳ ನೆರವಿದೆ. ಆದರೆ ರೂಮಿನ ಬಾಡಿಗೆ ಪ್ರತಿ ತಿಂಗಳ ಒಂದನೇ ತಾರೀಖಿಗೆ ಬರುತ್ತದೆ, ಸ್ಕಾಲರ್‌ಶಿಪ್ ಬಂದಾಗ ಬರುತ್ತದೆ. ನಡುವೆ ಬೀಳುವ ಈ ಸಂದಿನಲ್ಲೇ ಹುಡುಗರು ಸಿಕ್ಕಿಹಾಕಿಕೊಳ್ಳುವುದು. ನಿಮ್ಮ ನಿಧಿ ಆ ಸಂದು ಮುಚ್ಚಲಿ. ಇಡೀ ಓದಿನ ಖರ್ಚು ಹೊರುತ್ತೇವೆ ಅಂತ ಹೊರಟರೆ ಇಬ್ಬರು–ಮೂವರಿಗೇ ದುಡ್ಡು ಮುಗಿಯುತ್ತದೆ.

ಸಣ್ಣ ಮೊತ್ತ, ಬೇಗ ಸಿಗುವ ನೆರವು ಅಂತ ಇಟ್ಟುಕೊಳ್ಳಿ. 2,000ದಿಂದ 10,000 ರೂಪಾಯಿ ಒಳಗೆ. ಪರೀಕ್ಷಾ ಶುಲ್ಕ, ಹಾಸ್ಟೆಲ್ ಮೆಸ್ ಬಾಕಿ, ಒಂದೆರಡು ತಿಂಗಳ ರೂಮಿನ ಬಾಡಿಗೆ, ಪ್ರಾಜೆಕ್ಟ್ ವರದಿ ಬೈಂಡಿಂಗ್, ಕ್ಷೇತ್ರಕಾರ್ಯದ ಪ್ರಯಾಣ, ಕನ್ನಡಕ. ಹೌದು, ಕನ್ನಡಕ. ಬೋರ್ಡು ಕಾಣದೆ ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದವರ ನೋಟ್ಸ್ ನೋಡಿಕೊಂಡೇ ಒಂದು ಸೆಮಿಸ್ಟರ್ ಕಳೆಯುವವರು ಇದ್ದಾರೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಖರ್ಚಿನ ಚಿಂತೆ ತಪ್ಪಿದೆ. ಹಳ್ಳಿಯಿಂದ ಓಡಾಡುವ ಹುಡುಗರಿಗೆ ಪಾಸಿನ ದುಡ್ಡು ಈಗಲೂ ಒಂದು ಬಾಬತ್ತೇ.

ಪಟ್ಟಿಯನ್ನು ನೀವೇ ಕೂತು ಊಹಿಸಬೇಡಿ. ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿ, ಒಂದಿಬ್ಬರು ಹಾಸ್ಟೆಲ್ ವಾರ್ಡನ್, ಪರೀಕ್ಷಾ ಶುಲ್ಕ ಕಟ್ಟಿಸಿಕೊಳ್ಳುವ ಗುಮಾಸ್ತರು, ಇಷ್ಟು ಜನರನ್ನು ಮಾತಾಡಿಸಿ. ಯಾವ ತಿಂಗಳಲ್ಲಿ ಯಾರು ಕೌಂಟರ್ ಹತ್ತಿರ ಬಂದು ಸುಮ್ನೆ ವಾಪಸ್ ಹೋಗುತ್ತಾರೆ ಅಂತ ಆ ಗುಮಾಸ್ತರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಎಡವುವುದು ಹೀಗೆ: ಆದಾಯ ಪ್ರಮಾಣಪತ್ರವೊಂದನ್ನೇ ನೋಡಿ ಆಯ್ಕೆ ಮಾಡುವುದು. ನಾಡಕಚೇರಿಯ ಪತ್ರದಲ್ಲಿರುವುದು ಆವತ್ತಿನ ಕಥೆ. ಆಮೇಲೆ ಅಪ್ಪ ತೀರಿಕೊಂಡಿರಬಹುದು, ಬೆಳೆ ಹೋಗಿರಬಹುದು. ಪತ್ರದ ಜೊತೆಗೆ ವಿಭಾಗದ ಒಬ್ಬ ಅಧ್ಯಾಪಕರ ಎರಡು ಸಾಲಿನ ಟಿಪ್ಪಣಿ ಇದ್ದರೆ ಸಾಕು ಅನ್ನುವ ನಿಯಮ ಇಟ್ಟುಕೊಳ್ಳಿ.

ಹಂತ 2: ದುಡ್ಡು ಯಾರ ಖಾತೆಗೆ?

ನಿಮ್ಮ ಸ್ವಂತ ಖಾತೆಗೆ ಬೇಡ. ಖಜಾಂಚಿಯ ಫೋನ್‌ಪೇ ನಂಬರಿಗೂ ಬೇಡ, ‘ಎರಡೇ ದಿನ, ಆಮೇಲೆ ವರ್ಗಾಯಿಸೋಣ’ ಅಂದರೂ ಬೇಡ. ಹಾಗೆ ಮಾಡಿದರೆ ಆ ಹಣಕ್ಕೆ ರಸೀದಿ ಕೊಡಲು ಬರುವುದಿಲ್ಲ, ತೆರಿಗೆ ಇಲಾಖೆ ಕೇಳಿದರೆ ಉತ್ತರವೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಹೆಸರಿನದು.

ನಿಮ್ಮ ಮುಂದೆ ಎರಡು ದಾರಿ ಇವೆ.

ಒಂದು, ಹಳೆ ವಿದ್ಯಾರ್ಥಿ ಸಂಘ ಅಥವಾ ಟ್ರಸ್ಟ್‌ನ ಖಾತೆ. ನಮ್ಮಲ್ಲಿ ಇಂಥ ಸಂಘಗಳು ಹೆಚ್ಚಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ. ನೋಂದಣಿ ನವೀಕರಣ ಆಗಿದೆಯಾ ಅಂತ ಮೊದಲು ನೋಡಿ. ಎಷ್ಟೋ ಸಂಘಗಳ ಲೆಟರ್‌ಹೆಡ್ ಮಾತ್ರ ಜೀವಂತ ಇರುತ್ತದೆ. ಆಮೇಲೆ 12ಎಬಿ ಮತ್ತು 80ಜಿ ಇವೆಯಾ ನೋಡಿ. 12ಎಬಿ ಅಂದರೆ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ. 80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡುವ ಅನುಮೋದನೆ. ಎರಡಕ್ಕೂ ಅವಧಿ ಇರುತ್ತದೆ, ಅದು ಮುಗಿದಿರಬಾರದು. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದು 2026ರ ಏಪ್ರಿಲ್ 1ರಿಂದ. ಅದರಲ್ಲಿ ಕಲಮುಗಳ ನಂಬರು ಬೇರೆ. ಜನ ಬಾಯಲ್ಲಿ 80ಜಿ ಅಂತಲೇ ಹೇಳುತ್ತಾರೆ, ರಸೀದಿಯಲ್ಲಿ ಏನು ಬರೆಯಬೇಕು ಅಂತ ಆಡಿಟರನ್ನು ಕೇಳಿ.

ಇನ್ನೊಂದು, ವಿಶ್ವವಿದ್ಯಾನಿಲಯದ್ದೇ ವಿದ್ಯಾರ್ಥಿ ನಿಧಿಗೆ ಹಣ ಕೊಡುವುದು. ನಂಬಿಕೆಯ ದೃಷ್ಟಿಯಿಂದ ಇದು ಒಳ್ಳೆಯದು. ಆದರೆ ಹಣ ಸಾಮಾನ್ಯ ಖಾತೆಗೆ ಹೋಯಿತೋ, ಒಂದು ಪರೀಕ್ಷಾ ಶುಲ್ಕ ಬಿಡುಗಡೆಯಾಗಲು ಕಡತ ವಿಭಾಗದಿಂದ ಕುಲಸಚಿವರಿಗೆ, ಅಲ್ಲಿಂದ ಹಣಕಾಸು ಅಧಿಕಾರಿಗೆ, ಮತ್ತೆ ಕೆಳಗೆ ಅಂತ ಓಡಾಡುತ್ತದೆ. ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಈ ದಾರಿ ಹಿಡಿದರೆ ಪ್ರತ್ಯೇಕ ಖಾತೆ, ಸಣ್ಣ ಸಮಿತಿ, ಇಷ್ಟು ಕೆಲಸದ ದಿನದೊಳಗೆ ತೀರ್ಮಾನ ಅನ್ನುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ನನ್ನ ಆಯ್ಕೆ ಮೊದಲನೆಯ ದಾರಿಯೇ. ವಿಶ್ವವಿದ್ಯಾನಿಲಯದವರು ಸಮಿತಿಯಲ್ಲಿರಲಿ, ಚೆಕ್‌ಬುಕ್ ಸಂಘದಲ್ಲಿರಲಿ.

ಹಂತ 3: ಓಟಕ್ಕೆ ಮೊದಲು ಕಾಗದದ ಮೇಲೆ ಲೆಕ್ಕ

ಹೆಚ್ಚಿನ ಓಟಗಳು ಮುಗ್ಗರಿಸುವುದು ಇಲ್ಲೇ. ಸುಮಾರು ಬೆಲೆಗಳನ್ನು ಹಿಡಿದು ಒಂದು ಲೆಕ್ಕ ತೋರಿಸುತ್ತೇನೆ. ನಿಮ್ಮೂರಿನ ಕೊಟೇಶನ್ ತರಿಸಿ ಅಂಕಿ ಬದಲಿಸಿಕೊಳ್ಳಿ.

500 ಜನ, ತಲಾ 500 ರೂಪಾಯಿ ಶುಲ್ಕ. ಒಟ್ಟು 2,50,000.

ಈಗ ಖರ್ಚು. ಒಬ್ಬರಿಗೆ ಟೀ ಶರ್ಟ್ 200, ಪದಕ 80, ಚಿಪ್ ಇರುವ ಬಿಬ್ 70, ತಿಂಡಿ 70. ತಲಾ 420 ಆಯಿತು, 500 ಜನಕ್ಕೆ 2,10,000. (ಬಿಬ್ ಅಂದರೆ ಎದೆಗೆ ಪಿನ್ ಹಾಕಿಕೊಳ್ಳುವ ನಂಬರ್ ಚೀಟಿ. ಓಡಿದ ಸಮಯ ಅಳೆಯುವುದಕ್ಕೆ ಅದರ ಬೆನ್ನಿಗೆ ಚಿಪ್ ಅಂಟಿಸುತ್ತಾರೆ.) ಇದಲ್ಲದೆ ಎಷ್ಟು ಜನ ಬಂದರೂ ಬಿಡದ ಖರ್ಚು: ವೇದಿಕೆ, ಮೈಕ್, ಕಮಾನು 40,000. ಆಂಬುಲೆನ್ಸ್ ಮತ್ತು ವೈದ್ಯರು 15,000. ನೀರು, ಸಂಚಾರಿ ಶೌಚಾಲಯ 20,000. ಮುದ್ರಣ, ಚಿಲ್ಲರೆ 15,000. ಇದು 90,000. ಎರಡೂ ಕೂಡಿದರೆ 3,00,000.

ಅಂದರೆ 500 ಜನ ಓಡಿ, ಪದಕ ಹಾಕಿಕೊಂಡು, ಸೆಲ್ಫಿ ತೆಗೆದುಕೊಂಡು ಹೋದ ಮೇಲೆ ವಿದ್ಯಾರ್ಥಿ ನಿಧಿಗೆ ಬಂದದ್ದು ಸೊನ್ನೆ. ನಿಮ್ಮ ಜೇಬಿನಿಂದ ಹೋದದ್ದು 50,000.

ಈಗ ಕತ್ತರಿ ಹಾಕೋಣ. ಟೀ ಶರ್ಟ್ ಬೇಕಾದವರು ಬೇರೆ ದುಡ್ಡು ಕೊಟ್ಟು ತಗೊಳ್ಳಲಿ. ಚಿಪ್ ಬೇಡ, 5 ಕಿ.ಮೀ. ಓಟಕ್ಕೆ ಅದರ ಅಗತ್ಯವೇ ಇಲ್ಲ, 15 ರೂಪಾಯಿಯ ಕಾಗದದ ಬಿಬ್ ಸಾಕು. ಪದಕ, ತಿಂಡಿ ಇರಲಿ. ತಲಾ 165 ಆಯಿತು, ಒಟ್ಟು 82,500. ಬಿಡದ ಖರ್ಚು 90,000 ಸೇರಿಸಿದರೆ 1,72,500. ಉಳಿದದ್ದು 77,500. ಆ 90,000ವನ್ನು ಊರಿನ ಎರಡು–ಮೂರು ಅಂಗಡಿ, ಆಸ್ಪತ್ರೆ, ಹೋಟೆಲಿನವರು ಹೊತ್ತುಕೊಂಡರೆ ಉಳಿಕೆ 1,67,500ಕ್ಕೆ ಏರುತ್ತದೆ.

ಇಷ್ಟು ಹಿಂಡಿದರೂ ಓಟದ ಶುಲ್ಕದಿಂದ ದೊಡ್ಡ ಮೊತ್ತ ಬರುವುದಿಲ್ಲ, ನೋಡಿದಿರಲ್ಲ? ದುಡ್ಡು ಬರುವುದು ಮುಂದಿನ ಹಂತದಲ್ಲಿ.

ಪದಕವನ್ನೂ ಬಿಡಬಹುದಲ್ಲ ಅಂತ ಕೇಳಬಹುದು. ಬಿಡಬಹುದು. ಆದರೆ ಮೊದಲ ಸಲ 5 ಕಿ.ಮೀ. ಮುಗಿಸಿದವರು ಮನೆಗೆ ಹೋಗಿ ತೋರಿಸುವುದು ಅದನ್ನೇ. ಮುಂದಿನ ವರ್ಷ ಇನ್ನಿಬ್ಬರನ್ನು ಕರೆದುಕೊಂಡು ಬರುವವರೂ ಅವರೇ. ನಾನಾದರೆ ಪದಕ ಇಟ್ಟುಕೊಂಡು ವೇದಿಕೆಯ ಹೂವಿನ ಹಾರ, ಶಾಲು, ನೆನಪಿನ ಕಾಣಿಕೆ ತೆಗೆಯುತ್ತೇನೆ.

ಹಂತ 4: ದೇಣಿಗೆ ಎತ್ತುವುದು

ಪ್ಲೆಡ್ಜ್. ಓಡುವವರು ತಮ್ಮ ಪರಿಚಯದವರ ಹತ್ತಿರ ‘ನಾನು ಈ ಕಾರಣಕ್ಕೆ ಓಡುತ್ತಿದ್ದೇನೆ, ನಿಮ್ಮದೂ ಒಂದು ಪಾಲಿರಲಿ’ ಅಂತ ಕೇಳಿ ನಿಧಿಗೆ ದೇಣಿಗೆ ಕೊಡಿಸುವುದು. 500ರಲ್ಲಿ ಬರೀ 100 ಜನ, ಒಬ್ಬೊಬ್ಬರು ಹತ್ತು ಮಂದಿಯಿಂದ ತಲಾ 200 ರೂಪಾಯಿ ಕೊಡಿಸಿದರೂ 2,00,000 ಆಯಿತು. ಮೇಲಿನ ಲೆಕ್ಕಕ್ಕೆ ಸೇರಿಸಿ ನೋಡಿ: 3,67,500. ಇದಕ್ಕೆ ಟೀ ಶರ್ಟೂ ಬೇಡ, ವೇದಿಕೆಯೂ ಬೇಡ.

ಇದು ತಾನಾಗಿ ಆಗುವುದಿಲ್ಲ. ಕೇಳುವುದಕ್ಕೆ ನಮ್ಮವರಿಗೆ ಸಂಕೋಚ. ಅದಕ್ಕೆ ಪ್ರತಿ ಓಟಗಾರರಿಗೂ ವಾಟ್ಸಾಪ್‌ನಲ್ಲಿ ಕಳಿಸಲು ನಾಲ್ಕು ಸಾಲಿನ ಸಂದೇಶ, ಸಂಸ್ಥೆಯ ಯುಪಿಐ ಕ್ಯೂಆರ್ ಕೋಡ್, 200 ರೂಪಾಯಿಯಿಂದ ಏನಾಗುತ್ತದೆ ಅನ್ನುವ ಒಂದು ವಾಕ್ಯ ತಯಾರಿಸಿ ಕೊಡಿ. ‘ಉದಾರವಾಗಿ ನೆರವಾಗಿ’ ಅಂತ ಬರೆಯಬೇಡಿ. ‘200 ರೂಪಾಯಿ ಕೊಡುವ ಹತ್ತು ಜನ ಸಿಕ್ಕರೆ ಒಬ್ಬರ ಮೆಸ್ ಬಾಕಿಯಲ್ಲಿ 2,000 ತೀರುತ್ತದೆ’ ಅಂತ ಬರೆಯಿರಿ.

‘ನೀನು ಓಡಿದ ಪ್ರತಿ ಕಿಲೋಮೀಟರಿಗೆ ಇಷ್ಟು ಕೊಡ್ತೀನಿ’ ಅನ್ನುವ ಪದ್ಧತಿ ಕೇಳೋಕೆ ಚೆಂದ. ಓಟ ಮುಗಿದ ಮೇಲೆ ವಸೂಲಿ ಮಾಡುವವರು ಯಾರು? ಹಣ ಓಟಕ್ಕೆ ಮೊದಲೇ ಬರಲಿ.

ಪ್ರಾಯೋಜಕರು. ಖರ್ಚನ್ನು ತುಂಡು ತುಂಡು ಮಾಡಿ ಕೇಳಿ. ‘ನೀರಿನ ಖರ್ಚು ನಿಮ್ಮದು’, ‘ತಿಂಡಿ ನಿಮ್ಮದು’ ಅಂದರೆ ಹೋಟೆಲ್ ಮಾಲೀಕರು ಬೇಗ ಒಪ್ಪುತ್ತಾರೆ. ‘ಒಂದು ಲಕ್ಷ ಕೊಡಿ’ ಅಂದರೆ ‘ನಾಳೆ ಬನ್ನಿ’ ಅನ್ನುತ್ತಾರೆ. ಇನ್ನೊಂದು ವಿಷಯ. ಲೋಗೊ ಹಾಕುತ್ತೇವೆ ಅಂತ ಹೇಳಿ ಪಡೆದ ಹಣ ದೇಣಿಗೆಯಲ್ಲ, ಅದಕ್ಕೆ 80ಜಿ ರಸೀದಿ ಕೊಡುವ ಹಾಗಿಲ್ಲ. ಜಿಎಸ್‌ಟಿ ಪ್ರಶ್ನೆಯೂ ಬರಬಹುದು. ಆಡಿಟರಿಗೆ ಮೊದಲೇ ತಿಳಿಸಿ.

ಸಿಎಸ್‌ಆರ್. ಅಂದರೆ 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡಬೇಕಾದ ಹಣ. ‘ಓಟಕ್ಕೆ ಸಿಎಸ್‌ಆರ್ ತರಿಸೋಣ’ ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್‌ನಲ್ಲೇ ಸುತ್ತೋಲೆಯಲ್ಲಿ ಹೇಳಿದೆ. ಆದರೆ ಶಿಕ್ಷಣಕ್ಕೆ ನೆರವು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕಂಪನಿಯವರ ಮುಂದೆ ಓಟದ ಕರಪತ್ರ ಇಡಬೇಡಿ, ವಿದ್ಯಾರ್ಥಿ ನಿಧಿಯ ಯೋಜನೆ ಇಡಿ. ಸಂಸ್ಥೆ ಸಿಎಸ್‌ಆರ್–1 ಫಾರ್ಮ್ ಹಾಕಿ ನೋಂದಣಿ ಮಾಡಿಸಿಕೊಂಡಿರಬೇಕು.

ಹೊರದೇಶದ ಗೆಳೆಯರು. ಇಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ಕೆಲಸ ಮಾಡುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೂ, ಕಳಿಸಿದ್ದು ವಿದೇಶಿ ವಂತಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇಲ್ಲದೆ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ. ಅನುಮತಿ ಇದ್ದರೂ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ‘ಇಲ್ಲಿರುವ ಅಣ್ಣನ ಖಾತೆಗೆ ಹಾಕ್ತೀನಿ, ಅವನ ಹೆಸರಲ್ಲಿ ಕೊಟ್ಟುಬಿಡಿ’ ಅನ್ನುವ ಉಪಾಯಕ್ಕೆ ಒಪ್ಪಲೇಬೇಡಿ. ನ್ಯೂಜೆರ್ಸಿಯ ಗೆಳೆಯನಿಗೆ ಬೇಜಾರಾದರೆ ಆಗಲಿ.

ರಸೀದಿಯ ಬಗ್ಗೆ ದೇಣಿಗೆದಾರರಿಗೆ ಮೊದಲೇ ಹೇಳಬೇಕಾದ ಎರಡು ಮಾತು: 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ 80ಜಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ಇನ್ನು ಓಟದ ಶುಲ್ಕ. ಪದಕ, ತಿಂಡಿಗೆ ಪ್ರತಿಯಾಗಿ ಕೊಟ್ಟ ಹಣ ಅದು, ದೇಣಿಗೆಯಲ್ಲ. ನೋಂದಣಿ ಫಾರ್ಮಿನಲ್ಲಿ ‘ಓಟದ ಶುಲ್ಕ’ ಮತ್ತು ‘ದೇಣಿಗೆ’ ಅಂತ ಎರಡು ಬೇರೆ ಕಾಲಂ ಇಡಿ.

ಹಂತ 5: ದಿನ ಮತ್ತು ದಾರಿ

ಮೈಸೂರಿನ ಕಡೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ದಸರಾ ಆಸುಪಾಸು ಅರ್ಜಿ ಹಿಡಿದುಕೊಂಡು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಬೇಡಿ. ಅವರಿಗೆ ಆನೆ, ಜನ, ಬಂದೋಬಸ್ತ್ ನೋಡುವುದರಲ್ಲೇ ಪುರುಸೊತ್ತಿರುವುದಿಲ್ಲ. ನೀವು ಹಿಡಿದ ಭಾನುವಾರ ಕೆ–ಸೆಟ್, ಕೆಪಿಎಸ್‌ಸಿ ತರಹದ ಪರೀಕ್ಷೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಕ್ಯಾಂಪಸ್ ಪರೀಕ್ಷಾ ಕೇಂದ್ರವಾಗಿದ್ದರೆ ಹಿಂದಿನ ಸಂಜೆ ನಿಮ್ಮ ಒಪ್ಪಿಗೆ ರದ್ದಾಗಬಹುದು.

ದಾರಿ ಸಾಧ್ಯವಾದಷ್ಟು ಕ್ಯಾಂಪಸ್ ಒಳಗೇ ಇರಲಿ. ಮಾನಸಗಂಗೋತ್ರಿ ಹುಣಸೂರು ರಸ್ತೆ ಮತ್ತು ಬೋಗಾದಿ ರಸ್ತೆಯ ನಡುವೆ ಇದೆ. ಎರಡೂ ಬಿಡುವಿಲ್ಲದ ರಸ್ತೆಗಳು. ಒಳಗಿನ ರಸ್ತೆಗಳಲ್ಲೇ 2.5 ಕಿ.ಮೀ. ಸುತ್ತು ಮಾಡಿ ಎರಡು ಸಲ ಓಡಿಸಿದರೆ ವಾಹನ ನಿಲ್ಲಿಸುವ ಪ್ರಮೇಯವೇ ಇಲ್ಲ, ನೀರು ಕೊಡುವ ಜಾಗವೂ ಒಂದೇ ಸಾಕು.

‘ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಿಸಿದ್ರೆ ಎಷ್ಟು ಚೆನ್ನಾಗಿರುತ್ತೆ!’ ಅನ್ನುವವರು ಇದ್ದೇ ಇರುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಆ ಮಣ್ಣಿನ ದಾರಿ ಐನೂರು ಜನ ಒಟ್ಟಿಗೆ ಓಡುವಷ್ಟು ಅಗಲವಿಲ್ಲ. ಬೆಳಗಿನ ಹೊತ್ತು ವಾಕಿಂಗ್ ಬರುವ ಹಿರಿಯರು ಎಲ್ಲಿ ಹೋಗಬೇಕು? ಅದು ಹೆಜ್ಜಾರ್ಲೆಗಳು ಕೂರುವ ಕೆರೆ ಕೂಡ, ಅಲ್ಲಿ ಮೈಕ್ ಹಾಕುವ ಯೋಚನೆಯೇ ತಪ್ಪು. ಕೆರೆಯನ್ನು ಅದರ ಪಾಡಿಗೆ ಬಿಡಿ.

ದೂರವನ್ನು ಅಳತೆ ಚಕ್ರದಿಂದ ಅಳೆಯಿರಿ. ಮರಗಳ ಕೆಳಗೆ ವಾಚಿನ ಜಿಪಿಎಸ್ ಹೆಚ್ಚುಕಮ್ಮಿ ತೋರಿಸುತ್ತದೆ. 5 ಕಿ.ಮೀ. ಅಂತ ಹೇಳಿ 4.6 ಓಡಿಸಿದರೆ ಓಟಗಾರರು ಮರೆಯುವುದಿಲ್ಲ. ಮತ್ತೆ ಬೀದಿನಾಯಿಗಳು: ನಸುಕಿನಲ್ಲಿ ಗುಂಪಾಗಿ ಓಡುವವರನ್ನು ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ಕ್ಯಾಂಪಸ್‌ನಲ್ಲಿ ಅವಕ್ಕೆ ಊಟ ಹಾಕುವವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಹುಡುಕಿ, ಆವತ್ತು ದಾರಿಯಿಂದ ದೂರ ಬೇಗ ಊಟ ಹಾಕಲು ಹೇಳಿ. ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಹಂತ 6: ಅನುಮತಿಗಳು

ವಿಶ್ವವಿದ್ಯಾನಿಲಯದ ಒಪ್ಪಿಗೆಯನ್ನು ಕುಲಸಚಿವರ ಹೆಸರಿಗೆ ಬರೆದು, ದೈಹಿಕ ಶಿಕ್ಷಣ ವಿಭಾಗಕ್ಕೆ ಪ್ರತಿ ಕೊಡಿ. ಪೊಲೀಸರಿಗೆ ದಾರಿಯ ನಕ್ಷೆ, ಸಮಯ, ಜನರ ಸಂಖ್ಯೆ, ಪ್ರತಿ ತಿರುವಿನಲ್ಲಿ ನಿಲ್ಲುವ ನಿಮ್ಮ ಕಡೆಯವರ ಪಟ್ಟಿ ಸೇರಿಸಿ ಅರ್ಜಿ ಕೊಡಿ. ಕ್ಯಾಂಪಸ್ ಒಳಗೇ ಓಡಿಸಿದರೂ ಠಾಣೆಗೆ ತಿಳಿಸಿ. ಹೊರಗಿನ ರಸ್ತೆ ಮುಟ್ಟಿದರೆ ಸಂಚಾರ ಪೊಲೀಸರ ಅನುಮತಿ ಬೇರೆ ಬೇಕು. ಒಂದು ತಿಂಗಳಾದರೂ ಮುಂಚೆ ಹೋಗಿ. ಪ್ರತಿ ಅರ್ಜಿಗೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಹಾಕುವಂತಿಲ್ಲ. ‘ಜೋಶ್ ಬರಲಿ’ ಅಂತ ಐದೂವರೆಗೇ ಜುಂಬಾ ಸಂಗೀತ ಶುರು ಮಾಡುವ ಆಯೋಜಕರು ಬಹಳ. ಎದುರಿನ ಹಾಸ್ಟೆಲಿನಲ್ಲಿ ಮಲಗಿರುವವರೂ ವಿದ್ಯಾರ್ಥಿಗಳೇ ಅಲ್ವಾ?

ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ತಿಂಡಿಗೆ ಅಡಿಕೆ ಹಾಳೆ ತಟ್ಟೆ, ನೀರಿಗೆ ಬಾಡಿಗೆ ಸ್ಟೀಲ್ ಲೋಟ. ಫ್ಲೆಕ್ಸ್ ಬದಲು ಬಟ್ಟೆ ಬ್ಯಾನರ್ ಮಾಡಿಸಿ, ಇಸವಿ ಬರೆಸಬೇಡಿ, ಮುಂದಿನ ವರ್ಷಕ್ಕೂ ಆಗುತ್ತದೆ.

ಹಂತ 7: ನೋಂದಣಿ

ಗೂಗಲ್ ಫಾರ್ಮ್ ಮತ್ತು ಸಂಸ್ಥೆಯ ಕ್ಯೂಆರ್ ಕೋಡ್ ಸಾಕು. ಪಾವತಿ ಕಂಪನಿಗಳ ಮೂಲಕ ಹೋದರೆ ಸುಮಾರು ಶೇ. 2ರಷ್ಟು ಅವರೇ ಇಟ್ಟುಕೊಳ್ಳುತ್ತಾರೆ, ಅದನ್ನೂ ಖರ್ಚಿಗೆ ಹಿಡಿಯಿರಿ. ವಯಸ್ಸು, ರಕ್ತದ ಗುಂಪು, ತುರ್ತಿಗೆ ಕರೆಯಬೇಕಾದ ನಂಬರ್, ಬಿಪಿ–ಸಕ್ಕರೆ–ಹೃದಯದ ತೊಂದರೆ ಇದೆಯಾ ಅಂತ ಕೇಳಿ. 18 ತುಂಬದವರಿಗೆ ಪೋಷಕರ ಸಹಿ. ‘ಏನಾದರೂ ಆದರೆ ನಾವು ಹೊಣೆಯಲ್ಲ’ ಅಂತ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ನಿಮ್ಮ ಜವಾಬ್ದಾರಿ ತಪ್ಪುವುದಿಲ್ಲ, ನಿರ್ಲಕ್ಷ್ಯ ಅಂದರೆ ನಿರ್ಲಕ್ಷ್ಯವೇ. ಒಂದು ದಿನದ ಕಾರ್ಯಕ್ರಮ ವಿಮೆಯ ಬಗ್ಗೆ ವಿಚಾರಿಸಿ.

ಬಿಬ್‌ಗಳನ್ನು ಹಿಂದಿನ ದಿನವೇ ಹಂಚಿ. ಬೆಳಗ್ಗೆ ಕತ್ತಲಲ್ಲಿ ಐನೂರು ಜನರ ಹೆಸರು ಹುಡುಕಲು ಕೂತರೆ ಓಟ ಏಳೂವರೆಗೆ ಶುರುವಾಗುತ್ತದೆ.

ಹಂತ 8: ಓಟದ ಬೆಳಗ್ಗೆ

ನಿಮ್ಮವರು ನಾಲ್ಕೂವರೆಗೆ ಜಾಗದಲ್ಲಿರಬೇಕು. ಓಟ ಆರೂವರೆಗೆ. ಚಳಿಗಾಲದಲ್ಲಿ ಆ ಹೊತ್ತಿಗೆ ದಾರಿ ಕಾಣುವಷ್ಟು ಬೆಳಕಾಗಿರುತ್ತದೆ.

ಭಾಷಣ ಓಟದ ನಂತರ ಇಟ್ಟುಕೊಳ್ಳಿ. ಅತಿಥಿಗಳು ಬರದಿದ್ದರೂ ಆರೂವರೆಗೆ ಓಟ ಬಿಡಿ, ಹಸಿರು ಬಾವುಟವನ್ನು ಹಾಸ್ಟೆಲಿನ ಅಡುಗೆಯವರ ಕೈಗೆ ಕೊಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಮೈಯನ್ನು ಬೆಚ್ಚಗೆ ಮಾಡಿಕೊಂಡು ನಿಂತವರು ಅರ್ಧ ಗಂಟೆ ಸ್ವಾಗತ ಭಾಷಣ ಕೇಳಿದರೆ ಸ್ನಾಯು ಬಿಗಿದು ಮೊದಲ ಕಿಲೋಮೀಟರಿನಲ್ಲೇ ನೋವಾಗುತ್ತದೆ.

ನೀರಿನ ಲೆಕ್ಕ: ದಾರಿಯಲ್ಲಿ ತಲಾ 200 ಮಿ.ಲೀ., ಕೊನೆಯಲ್ಲಿ ಅರ್ಧ ಲೀಟರ್. 500 ಜನಕ್ಕೆ 350 ಲೀಟರ್. 20 ಲೀಟರಿನ ಕ್ಯಾನ್ 18 ಬೇಕು, 25 ತರಿಸಿ. ನೀರಿನ ಮೇಜಿನಲ್ಲಿ ನಿಲ್ಲುವ ಮಕ್ಕಳಿಗೆ ಹಿಂದಿನ ದಿನ ಹತ್ತು ನಿಮಿಷ ಹೇಳಿಕೊಡಿ. ಲೋಟ ಅರ್ಧ ಮಾತ್ರ ತುಂಬಬೇಕು. ತುಂಬಿದ ಲೋಟ ಓಡುವವರ ಕೈಯಲ್ಲಿ ಚೆಲ್ಲುತ್ತದೆ, ಗಬಕ್ಕನೆ ಕುಡಿದರೆ ನೆತ್ತಿಗೇರುತ್ತದೆ. ಲೋಟವನ್ನು ಅಂಗೈ ಮೇಲೆ ಇಟ್ಟು ಕೈ ಚಾಚಬೇಕು, ಅಂಚನ್ನು ಹಿಡಿಯಬಾರದು. ಎಲ್ಲರೂ ಮೊದಲ ಮೇಜಿಗೇ ಮುಗಿಬೀಳುತ್ತಾರೆ, ಹಾಗಾಗಿ ಎರಡು ಮೇಜುಗಳ ನಡುವೆ ಹತ್ತು ಹೆಜ್ಜೆ ಅಂತರ ಇರಲಿ. ಖಾಲಿ ಲೋಟಕ್ಕೆ ಬುಟ್ಟಿ ಇಡಬೇಕಾದ್ದು ಇಪ್ಪತ್ತು ಹೆಜ್ಜೆ ಮುಂದೆ, ಮೇಜಿನ ಪಕ್ಕದಲ್ಲಲ್ಲ.

ಆಂಬುಲೆನ್ಸ್ ಕೊನೆಯ ಗೆರೆಯ ಹತ್ತಿರ ಇರಲಿ, ಕುಸಿದು ಬೀಳುವುದು ಹೆಚ್ಚಾಗಿ ಅಲ್ಲೇ. 108 ಇದೆಯಲ್ಲ ಅಂತ ಸುಮ್ನಿರಬೇಡಿ, ಆ ಹೊತ್ತಿಗೆ ಅದು ಊರಿನ ಆಚೆ ತುದಿಯಲ್ಲಿರಬಹುದು. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವ ವಿಧಾನವನ್ನು ಸ್ವಯಂಸೇವಕರಲ್ಲಿ ಹತ್ತು ಜನಕ್ಕಾದರೂ ಮೊದಲೇ ಕಲಿಸಿ. ಹತ್ತಿರದ ವೈದ್ಯಕೀಯ ಕಾಲೇಜನ್ನು ಕೇಳಿದರೆ ಬಂದು ಹೇಳಿಕೊಡುವ ವೈದ್ಯರು ಸಿಗುತ್ತಾರೆ. ಓಟ ಮುಗಿಸಿದವರನ್ನು ತಕ್ಷಣ ಕೂರಲು ಬಿಡಬೇಡಿ, ಸ್ವಲ್ಪ ನಡೆದಾಡಿಸಿ. ಎಲ್ಲರ ಹಿಂದೆ ಸೈಕಲ್‌ನಲ್ಲಿ ಒಬ್ಬರು ಬರಲಿ. ಅವರು ಬರುವ ತನಕ ಮೇಜು ಎತ್ತಬೇಡಿ. ಕೊನೆಗೆ ಬಂದವರಿಗೆ ಇಡ್ಲಿ ಖಾಲಿ ಅನ್ನುವ ಹಾಗಾಗಬಾರದು.

ನೆರವು ಪಡೆಯುವ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು ದೊಡ್ಡ ರಟ್ಟಿನ ಚೆಕ್ ಕೈಗೆ ಕೊಟ್ಟು ಫೋಟೊ ತೆಗೆಯಬೇಡಿ. ಇದೊಂದು ವಿಷಯದಲ್ಲಿ ನನಗೆ ರಾಜಿ ಇಲ್ಲ. ಹಿಂದೆ ನಮ್ಮ ಊರುಗಳಲ್ಲಿ ವಾರಾನ್ನ ಇತ್ತು, ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರ ಮನೆ. ಅದರಲ್ಲಿ ಜಾತಿಯ ಲೆಕ್ಕಾಚಾರ ಇತ್ತು, ಅದು ಬೇರೆ ಮಾತು. ಊಟಕ್ಕೆ ಬರುವ ಹುಡುಗ ಯಾರು ಅಂತ ಇಡೀ ಬೀದಿಗೆ ಗೊತ್ತಿರುತ್ತಿತ್ತು, ಆ ಮುಜುಗರವನ್ನು ಬರೆದುಕೊಂಡವರೂ ಇದ್ದಾರೆ. ಈಗಿನ ಫೋಟೊ ಬೀದಿ ದಾಟಿ ಊರಿಗೇ ಹೋಗುತ್ತದೆ. ಪ್ರಾಯೋಜಕರು ಒತ್ತಾಯ ಮಾಡಿದರೆ ಅವರ ಫೋಟೊವನ್ನು ಕುಲಪತಿಗಳ ಜೊತೆ ತೆಗೆಸಿ.

ಹಂತ 9: ಹಣ ಹಂಚುವುದು, ಲೆಕ್ಕ ಕೊಡುವುದು

ಅರ್ಜಿ ಒಂದೇ ಪುಟದ್ದಿರಲಿ. ಹೆಸರು, ವಿಭಾಗ, ಯಾವ ಖರ್ಚು, ಎಷ್ಟು, ಯಾವ ದಿನಾಂಕದೊಳಗೆ. ಜೊತೆಗೆ ಶುಲ್ಕದ ಚಲನ್ ಅಥವಾ ಮೆಸ್ ಬಿಲ್. ಮೂರು ಜನರ ಸಮಿತಿ ಸಾಕು: ಸಂಘದವರು ಒಬ್ಬರು, ಅಧ್ಯಾಪಕರು ಒಬ್ಬರು, ವಾರ್ಡನ್ ಅಥವಾ ಕ್ಷೇಮಪಾಲನಾ ಅಧಿಕಾರಿ ಒಬ್ಬರು. ಸಮಿತಿಯಲ್ಲಿರುವವರ ಬಂಧುಗಳ ಅರ್ಜಿ ಬಂದರೆ ಆ ದಿನ ಅವರು ಹೊರಗಿರಲಿ. ಒಂದು ವಾರದೊಳಗೆ ಉತ್ತರ, ಇಲ್ಲ ಅನ್ನುವುದಾದರೂ.

ಪರೀಕ್ಷಾ ಶುಲ್ಕ ನೇರ ವಿಶ್ವವಿದ್ಯಾನಿಲಯಕ್ಕೆ, ಮೆಸ್ ಬಾಕಿ ನೇರ ಹಾಸ್ಟೆಲಿಗೆ ಕಟ್ಟಿ. ಬಾಡಿಗೆ, ಪ್ರಯಾಣ, ಕನ್ನಡಕದಂಥ ಖರ್ಚಿಗೆ ವಿದ್ಯಾರ್ಥಿಯ ಖಾತೆಗೇ ಹಾಕಿ. ಪ್ರತಿ ರೂಪಾಯಿಗೂ ಬಿಲ್ ಕೇಳುತ್ತಾ ಅವರನ್ನು ಹಿಂಸೆ ಮಾಡಬೇಡಿ. ನಗದು ಮಾತ್ರ ಕೊಡಬೇಡಿ.

ಹಣ ಕೊಡುವ ಮುಂಚೆ ಒಂದು ವಿಷಯ ಪರೀಕ್ಷಿಸಿ. ‘ಸ್ಕಾಲರ್‌ಶಿಪ್ ಬಂದಿಲ್ಲ’ ಅನ್ನುವವರಲ್ಲಿ ಕೆಲವರದು ಮಂಜೂರಾಗಿಯೂ ಖಾತೆಗೆ ಬಿದ್ದಿರುವುದಿಲ್ಲ, ಯಾಕೆಂದರೆ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರುವುದಿಲ್ಲ. ಸೀಡಿಂಗ್ ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಬರಬೇಕು ಅಂತ ಆಧಾರ್ ನಂಬರಿಗೆ ಗುರುತು ಹಾಕಿಸುವುದು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಇದು ಆಗಿರಬೇಕು ಅಂತೇನಿಲ್ಲ. ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. ನಿಮ್ಮ ಸ್ವಯಂಸೇವಕರಲ್ಲಿ ಒಬ್ಬರು ವಾರಕ್ಕೊಂದು ಸಂಜೆ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು ಇದನ್ನು ಸರಿಮಾಡಿಸಿದರೆ, ನಿಧಿಯಿಂದ ಕೊಡಬೇಕಾದ ಹಣವೂ ಉಳಿಯುತ್ತದೆ.

ಓಟವಾಗಿ ಒಂದು ತಿಂಗಳೊಳಗೆ ಲೆಕ್ಕ ಪ್ರಕಟಿಸಿ: ಶುಲ್ಕ ಇಷ್ಟು, ದೇಣಿಗೆ ಇಷ್ಟು, ಖರ್ಚು ಇಷ್ಟು, ಉಳಿದದ್ದು ಇಷ್ಟು. ಆಮೇಲೆ ಪ್ರತಿ ಸೆಮಿಸ್ಟರ್ ಕೊನೆಗೆ, ಎಷ್ಟು ಜನಕ್ಕೆ ಯಾವ ಬಾಬತ್ತಿಗೆ ಎಷ್ಟು ಹೋಯಿತು ಅಂತ ಹೆಸರಿಲ್ಲದೆ ತಿಳಿಸಿ. ಉಳಿಕೆಯನ್ನೆಲ್ಲ ಒಂದೇ ಸಲ ಹಂಚಬೇಡಿ, ಎರಡನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕಕ್ಕೆ ಅರ್ಧ ಇಟ್ಟುಕೊಳ್ಳಿ.

ಕೊನೆಯದು ಆಡಿಟರ್ ಕೆಲಸ. ಆ ಆರ್ಥಿಕ ವರ್ಷದ ದೇಣಿಗೆದಾರರ ಪಟ್ಟಿಯನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕು. ಇದನ್ನು 10ಬಿಡಿ ಫಾರ್ಮ್ ಅನ್ನುತ್ತಿದ್ದರು, ಹೊಸ ಕಾಯ್ದೆಯಲ್ಲಿ ಯಾವ ನಂಬರು ಅಂತ ಕೇಳಿಕೊಳ್ಳಿ. ಪಟ್ಟಿ ಹೋದ ಮೇಲೆ ಬರುವ ಪ್ರಮಾಣಪತ್ರ ಸಿಕ್ಕರೆ ಮಾತ್ರ ದೇಣಿಗೆದಾರರಿಗೆ ರಿಯಾಯಿತಿ. ಅದಕ್ಕೆ ಎಲ್ಲರ ಪ್ಯಾನ್ ನಂಬರ್ ಬೇಕು. ದೇಣಿಗೆ ಪಡೆಯುವಾಗಲೇ ಬರೆಸಿಕೊಳ್ಳಿ, ಮೇ ತಿಂಗಳಲ್ಲಿ ಇನ್ನೂರು ಜನಕ್ಕೆ ಫೋನ್ ಮಾಡುತ್ತಾ ಕೂರುವುದು ಬೇಡ.